ಸುಸ್ಥಿರ ಕಟ್ಟಡಕ್ಕೆ ವೃತ್ತಿಪರ ಸಂಘದ ಹೊಣೆ: ವಿಜಯಪುರದಂಥ ಜಿಲ್ಲೆಯಲ್ಲಿ ಕೆಲಸ ಆರಂಭಿಸುವ ಬಗೆ

ವಿಜಯಪುರದಲ್ಲಿ ಮನೆ ಕಟ್ಟಿಸಲು ಹೊರಟವರಿಗೆ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿಯಿಂದ ಮಾಡಿದ ಬೂದಿ ಇಟ್ಟಿಗೆಯ ಗೋಡೆಯನ್ನೋ, ಕಾಂಕ್ರೀಟ್ ಉಳಿಸಲು ಹಂಚು ಹುದುಗಿಸಿದ ಫಿಲ್ಲರ್ ಸ್ಲ್ಯಾಬನ್ನೋ ಸೂಚಿಸಿದರೆ ಅವರು ಕೇಳುವ ಮೊದಲ ಮಾತು ಬಹುಪಾಲು ಒಂದೇ: "ನಮ್ಮ ಊರಾಗ ಹಿಂಗ ಯಾರರ ಕಟ್ಟಿಸ್ಯಾರೇನ್ರಿ? ಈಗ ಅದು ಹೆಂಗೈತಿ?" ಇದು ನ್ಯಾಯವಾದ ಪ್ರಶ್ನೆ. ಜೀವಮಾನದ ಉಳಿತಾಯವನ್ನು ಒಂದು ಮನೆಗೆ ಹಾಕುವವರು ಕಣ್ಣಾರೆ ಕಂಡದ್ದನ್ನೇ ನಂಬುತ್ತಾರೆ. ಆದರೆ ನಕ್ಷೆ ಬರೆದುಕೊಡುವ ಇಂಜಿನಿಯರ್ ಬಳಿ ಇದಕ್ಕೆ ತೋರಿಸಬಹುದಾದ ಉತ್ತರವಿರುವುದಿಲ್ಲ. ಹೊಸ ಪದ್ಧತಿಯಲ್ಲಿ ಏನಾದರೂ ಬಿರುಕು ಕಂಡರೆ ಹೆಸರು ಕೆಡುವುದು ಅವರೊಬ್ಬರದೇ ಆದ್ದರಿಂದ ಅವರೂ ರೂಢಿಯಲ್ಲಿರುವುದನ್ನೇ ಬರೆಯುತ್ತಾರೆ, ಗುತ್ತಿಗೆದಾರರೂ ಅದನ್ನೇ ಕಟ್ಟುತ್ತಾರೆ. ಈ ಗಂಟನ್ನು ಬಿಡಿಸಬಲ್ಲದ್ದು ಇಂಜಿನಿಯರುಗಳ ಮತ್ತು ವಾಸ್ತುಶಿಲ್ಪಿಗಳ ಸಂಘ ಮಾತ್ರ, ಏಕೆಂದರೆ ಮೊದಲ ಪ್ರಯೋಗದ ಭಾರವನ್ನು ಹಲವರು ಹಂಚಿಕೊಂಡು ಹೊರುವುದು ಅಲ್ಲಿ ಸಾಧ್ಯ. ಒಂದು ಕಟ್ಟಡದಲ್ಲಿ ಕಲಿತದ್ದು ಮುಂದಿನ ಕಟ್ಟಡಕ್ಕೆ ದಾಟಿ ಹೋಗುವುದೂ ಅಲ್ಲಿಯೇ. ಕಡಿಮೆ ಸಿಮೆಂಟು, ಕಡಿಮೆ ನೀರು, ಕಡಿಮೆ ವಿದ್ಯುತ್ತು ಬಳಸಿ, ಬೇಸಿಗೆಯಲ್ಲಿ ವಾಸಕ್ಕೆ ಹಿತವಾಗಿ, ಬಹುಕಾಲ ದುರಸ್ತಿಯಿಲ್ಲದೆ ನಿಲ್ಲುವ ಕಟ್ಟಡವನ್ನು ಇಲ್ಲಿ ಸುಸ್ಥಿರ ಕಟ್ಟಡ ಎಂದು ಕರೆದಿದ್ದೇನೆ. ಅಂಥ ಕಟ್ಟಡಗಳನ್ನು ಜಿಲ್ಲೆಯಲ್ಲಿ ರೂಢಿಗೆ ತರಲು ಸಂಘವೊಂದು ಯಾವ ಕ್ರಮದಲ್ಲಿ ಕೆಲಸ ಮಾಡಬೇಕು ಎಂಬುದು ಈ ಬರಹದ ವಿಷಯ.

ಕಾನೂನಿನ ಮಿತಿಯನ್ನು ಮೊದಲು ಅರಿಯಿರಿ

ಸಂಘದ ಮೊದಲ ಸಭೆಯಲ್ಲಿ ಸದಸ್ಯರೆಲ್ಲರಿಗೂ ಸ್ಪಷ್ಟವಾಗಬೇಕಾದ ಸಂಗತಿಯೊಂದಿದೆ. ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯ 2017ರ ಆವೃತ್ತಿ ಅನ್ವಯಿಸುವುದು 100 ಕಿಲೋವ್ಯಾಟ್ ಅಥವಾ ಅದಕ್ಕೂ ಹೆಚ್ಚಿನ ಜೋಡಿತ ವಿದ್ಯುತ್ ಹೊರೆಯಿರುವ, ಇಲ್ಲವೇ ವಿದ್ಯುತ್ ಕಂಪನಿಯೊಂದಿಗೆ 120 ಕೆವಿಎ ಮತ್ತು ಮೇಲ್ಪಟ್ಟ ಒಪ್ಪಂದದ ಬೇಡಿಕೆಯಿರುವ ವಾಣಿಜ್ಯ ಕಟ್ಟಡಗಳಿಗೆ. ವಾಸದ ಮನೆಗಳಿಗಾಗಿ 2018ರಲ್ಲಿ ಬಂದ ಇಕೋ ನಿವಾಸ ಸಂಹಿತೆ 500 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ನಿವೇಶನಗಳನ್ನು ಗಮನದಲ್ಲಿಟ್ಟುಕೊಂಡಿದೆ. ನಮ್ಮ ಬಡಾವಣೆಗಳಲ್ಲಿ 30-40 ಅಡಿಯ ನಿವೇಶನದ ಅಳತೆ ಸುಮಾರು 111 ಚದರ ಮೀಟರ್. ಅಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿಗಳಲ್ಲಿ ಏಳುತ್ತಿರುವ ಸಾಮಾನ್ಯ ಮನೆಗಳು ಈ ಸಂಹಿತೆಗಳ ಹೊರಗೇ ಉಳಿಯುತ್ತವೆ. ಕಾನೂನು ಕೈಚಾಚದ ಈ ಜಾಗದಲ್ಲಿಯೇ ಸಂಘದ ಕೆಲಸವಿದೆ. ಸಂಹಿತೆಯ ಅಳತೆಗಳನ್ನು ಸಣ್ಣ ಮನೆಗೆ ಸ್ವಇಚ್ಛೆಯಿಂದ ಬಳಸಲು ಯಾರ ಅನುಮತಿಯೂ ಬೇಕಿಲ್ಲ.

ಯಾರಿಂದ ಏನನ್ನು ಪಡೆಯಬೇಕು

ಜಿಲ್ಲಾ ಸಂಘ ಎಲ್ಲವನ್ನೂ ತಾನೇ ಹುಟ್ಟಿಸಬೇಕಿಲ್ಲ. ಭಾರತೀಯ ವಾಸ್ತುಶಿಲ್ಪಿಗಳ ಸಂಸ್ಥೆ 1917ರಿಂದ, ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ 1920ರಿಂದ ಕೆಲಸ ಮಾಡುತ್ತಿವೆ. ಇವು ಸದಸ್ಯತ್ವದ ಸಂಸ್ಥೆಗಳು. 1972ರ ವಾಸ್ತುಶಿಲ್ಪಿಗಳ ಕಾಯ್ದೆಯಡಿ ರೂಪುಗೊಂಡ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಮಾತ್ರ ನೋಂದಣಿ ಮತ್ತು ವೃತ್ತಿ ನಡವಳಿಕೆಯ ಅಧಿಕಾರವುಳ್ಳ ಶಾಸನಬದ್ಧ ಮಂಡಳಿ. ಕಾಂಕ್ರೀಟಿನ ವಿಷಯಕ್ಕೆ 1982ರಲ್ಲಿ ಚೆನ್ನೈನಲ್ಲಿ ಆರಂಭವಾದ ಇಂಡಿಯನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್ ಇದೆ. ಹಸಿರು ಕಟ್ಟಡಗಳ ಶ್ರೇಣೀಕರಣಕ್ಕೆ 2001ರಲ್ಲಿ ಹುಟ್ಟಿದ ಇಂಡಿಯನ್ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್ ಇದೆ, ದೆಹಲಿಯ ಇಂಧನ ಸಂಶೋಧನಾ ಸಂಸ್ಥೆ ಟೆರಿ ರೂಪಿಸಿದ 'ಗೃಹ' (GRIHA) ಎಂಬ ಶ್ರೇಣೀಕರಣ ಪದ್ಧತಿಯೂ ಇದೆ. ಉಪನ್ಯಾಸಕರು, ಪರೀಕ್ಷೆಗಳು, ಪಠ್ಯ ಇವರಿಂದ ಸಿಗುತ್ತವೆ.

'ಗೃಹ' ಶ್ರೇಣೀಕರಣ 2,500 ಚದರ ಮೀಟರಿಗೂ ದೊಡ್ಡ ಕಟ್ಟಡಗಳದ್ದು. ಅದಕ್ಕಿಂತ ಚಿಕ್ಕವಕ್ಕೆ ಸ್ವಗೃಹ ಎಂಬ ಸರಳ ರೂಪವಿದೆ. ಕಾಲೇಜು, ಆಸ್ಪತ್ರೆ, ಕಲ್ಯಾಣ ಮಂಟಪದಂಥ ಕಟ್ಟಡಗಳಿಗೆ ಪ್ರಮಾಣಪತ್ರ ಪಡೆಯುವುದು ಸೂಕ್ತ, ಏಕೆಂದರೆ ಅವು ಊರಿಗೆಲ್ಲ ಕಾಣುತ್ತವೆ. ಎರಡು ಕೋಣೆಯ ಮನೆಯವರಿಂದ ಪ್ರಮಾಣಪತ್ರದ ಶುಲ್ಕ ಕಟ್ಟಿಸುವುದನ್ನು ನಾನು ಒಪ್ಪುವುದಿಲ್ಲ. ಆ ಹಣ ಅವರ ಮಾಳಿಗೆಯ ಮೇಲಿನ ಶಾಖ ತಡೆಗೆ ಹೋಗಲಿ. ಶ್ರೇಣೀಕರಣದ ತಪಾಸಣಾ ಪಟ್ಟಿಯನ್ನು ಮಾತ್ರ ಸಂಘ ಕನ್ನಡಕ್ಕೆ ತಂದು ಬಳಸಲಿ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 11ನೆಯ ಭಾಗ ಸುಸ್ಥಿರತೆಗೇ ಮೀಸಲಾಗಿದ್ದು, ಸದಸ್ಯರ ಅಧ್ಯಯನ ಕೂಟಕ್ಕೆ ಅದೊಂದೇ ಸಾಕಷ್ಟು ಕಾಲ ಸಾಲುವಷ್ಟು ವಿಷಯವನ್ನು ಒಳಗೊಂಡಿದೆ.

ಜಿಲ್ಲೆಯ ಮಣ್ಣು, ಕಲ್ಲು, ಬೂದಿಗಳ ದಾಖಲೆ

ಸಂಘ ಕೈಗೆತ್ತಿಕೊಳ್ಳಬೇಕಾದ ಮೊದಲ ಗಟ್ಟಿ ಕೆಲಸ ಇದು. ದೆಹಲಿಯಲ್ಲೋ ಹೈದರಾಬಾದಿನಲ್ಲೋ ಸಿದ್ಧವಾದ ಕೈಪಿಡಿಗೆ ನಮ್ಮ ಗಣಿ, ಗುಡ್ಡ, ಭಟ್ಟಿಗಳು ಗೊತ್ತಿರುವುದಿಲ್ಲ. ಅಕ್ಕಪಕ್ಕದ ಈ ಮೂರು ಜಿಲ್ಲೆಗಳಲ್ಲಿಯೇ ನೆಲ ಎಷ್ಟು ಬದಲಾಗುತ್ತದೆ ನೋಡಿ. ಖಾನಾಪುರದ ಕಡೆ ಕೆಂಪು ಜಂಬಿಟ್ಟಿಗೆ, ಹಂಚಿಗೆ ಒಗ್ಗುವ ಮಣ್ಣು ಮತ್ತು ಬಿಡದೆ ಸುರಿಯುವ ಮಳೆ. ಬಾದಾಮಿಯಲ್ಲಿ ಮರಳುಗಲ್ಲು, ಇಳಕಲ್ಲಿನಲ್ಲಿ ಕೆಂಪು ಗ್ರಾನೈಟು, ಬಾಗಲಕೋಟೆ ಸೀಮೆಯಲ್ಲಿ ಸಿಮೆಂಟಿಗೆ ಬರುವ ಸುಣ್ಣದ ಕಲ್ಲು. ವಿಜಯಪುರದಲ್ಲಿ ಕರಿಕಲ್ಲು, ಆಳವಾದ ಎರೆ ಮಣ್ಣು, ತಾಳಿಕೋಟೆಯ ಕಡೆಯ ಫರಸಿ ಕಲ್ಲು. ಬೆಳಗಾವಿಯಲ್ಲಿ ಮಳೆ ಜಡಿಯನ್ನು ತಡೆಯಲು ಬೇಕಾದ ಗೋಡೆಯೇ ಬೇರೆ, ವಿಜಯಪುರದಲ್ಲಿ ಏಪ್ರಿಲ್ ತಿಂಗಳ ಬಿಸಿಲನ್ನು ತಡೆಯಲು ಬೇಕಾದ ಮಾಳಿಗೆಯೇ ಬೇರೆ. ಆದ್ದರಿಂದ ಪ್ರತಿ ಜಿಲ್ಲೆಗೂ ತನ್ನದೇ ಸಾಮಗ್ರಿ ದಾಖಲೆ ಬೇಕು.

ದಾಖಲೆಯಲ್ಲಿ ಸಾಮಗ್ರಿ ಎಲ್ಲಿ ಸಿಗುತ್ತದೆ, ಎಷ್ಟು ದೂರದಿಂದ ಬರುತ್ತದೆ, ಈಗಿನ ದರವೇನು, ಪರೀಕ್ಷೆಯ ಫಲಿತಾಂಶವೇನು ಎಂಬ ನಾಲ್ಕು ವಿವರಗಳಿದ್ದರೆ ಸಾಕು. ಪರೀಕ್ಷೆಗೆ ದೂರ ಹೋಗಬೇಕಿಲ್ಲ. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು, ವಿಜಯಪುರದ ಬಿಎಲ್‌ಡಿಇ ಸಂಸ್ಥೆಯ ಡಾ. ಪಿ. ಜಿ. ಹಳಕಟ್ಟಿ ಇಂಜಿನಿಯರಿಂಗ್ ಕಾಲೇಜು, ಬೆಳಗಾವಿಯ ಗೋಗಟೆ ತಾಂತ್ರಿಕ ಸಂಸ್ಥೆ ಇವೆಲ್ಲ ಸಿವಿಲ್ ವಿಭಾಗಗಳಿರುವ ಹಳೆಯ ಕಾಲೇಜುಗಳು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನವೇ ಬೆಳಗಾವಿಯಲ್ಲಿದೆ. ಕೊನೆಯ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟ್ ವಿಷಯಗಳನ್ನು ಸಂಘವೇ ಬರೆದುಕೊಟ್ಟರೆ, ಪ್ರತಿ ವರ್ಷ ಜಿಲ್ಲೆಯ ಇಟ್ಟಿಗೆ, ಕಲ್ಲು, ಉಸುಕುಗಳ ಪರೀಕ್ಷೆ ಹೆಚ್ಚು ಖರ್ಚಿಲ್ಲದೆ ನಡೆಯುತ್ತದೆ, ಮಕ್ಕಳಿಗೂ ನಿಜವಾದ ಕೆಲಸ ಸಿಗುತ್ತದೆ.

ಬೂದಿ ಇಟ್ಟಿಗೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ. ಕೇಂದ್ರ ಪರಿಸರ ಸಚಿವಾಲಯದ 2021ರ ಅಧಿಸೂಚನೆ ಇಂಥ ಸ್ಥಾವರಗಳ 300 ಕಿಲೋಮೀಟರ್ ದೂರದೊಳಗಿನ ನಿರ್ಮಾಣ ಕಾಮಗಾರಿಗಳಲ್ಲಿ ಹಾರುಬೂದಿಯ ಬಳಕೆಯನ್ನು ಕೇಳುತ್ತದೆ. ನಮ್ಮ ಮೂರೂ ಜಿಲ್ಲೆಗಳು ಆ ವ್ಯಾಪ್ತಿಯೊಳಗಿವೆ. ಹಾಗಿದ್ದೂ ಮಾರುಕಟ್ಟೆಯಲ್ಲಿ ಬರುವ ಬೂದಿ ಇಟ್ಟಿಗೆಗಳೆಲ್ಲ ಒಂದೇ ಗುಣದವಲ್ಲ. ಕ್ಯೂರಿಂಗ್, ಅಂದರೆ ನೀರುಣಿಸಿ ಗಟ್ಟಿಗೊಳಿಸುವ ಕೆಲಸ, ಸಾಲದ ಇಟ್ಟಿಗೆಯ ಅಂಚು ಕೈಯಲ್ಲೇ ಉದುರುತ್ತದೆ, ಅದನ್ನು ಕಂಡ ಮಾಲೀಕರು ಬೂದಿ ಇಟ್ಟಿಗೆಯೇ ಕೆಟ್ಟದ್ದೆಂದು ತೀರ್ಮಾನಿಸುತ್ತಾರೆ. ಐಎಸ್ 12894 ಎಂಬ ಭಾರತೀಯ ಮಾನದಂಡದಂತೆ ಇಟ್ಟಿಗೆ ತನ್ನ ತೂಕದ ಶೇ. 20ಕ್ಕಿಂತ ಹೆಚ್ಚು ನೀರು ಹೀರಬಾರದು. ಸಂಘದ ಪರವಾಗಿ ಕೆಲವು ತಯಾರಕರ ಮಾಲನ್ನು ಒಂದೇ ಪ್ರಯೋಗಾಲಯದಲ್ಲಿ ಒಂದೇ ಕ್ರಮದಿಂದ ಪರೀಕ್ಷಿಸಿ, ಫಲಿತಾಂಶವನ್ನು ಸದಸ್ಯರಿಗೆ ಹಂಚಿದರೆ ಒಳ್ಳೆಯ ತಯಾರಕರು ತಾವಾಗಿಯೇ ಮುಂದೆ ಬರುತ್ತಾರೆ.

ಒತ್ತಿದ ಮಣ್ಣಿನ ಇಟ್ಟಿಗೆಯ ವಿಷಯದಲ್ಲಿ ಎಚ್ಚರ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಗ್ರಾಮೀಣ ತಂತ್ರಜ್ಞಾನದ 'ಅಸ್ತ್ರ' ತಂಡ ಎಪ್ಪತ್ತರ ದಶಕದಿಂದ ಬೆಳೆಸಿದ ಈ ತಂತ್ರ ಕೆಂಪು ಮಸಾರಿ ಮಣ್ಣಿಗೆ ಚೆನ್ನಾಗಿ ಒಗ್ಗುತ್ತದೆ, ಅದರ ಮಾನದಂಡ ಐಎಸ್ 1725. ಆದರೆ ಎರೆ ಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಅದನ್ನು ಹಾಗೆಯೇ ಸಿಮೆಂಟ್ ಬೆರೆಸಿ ಒತ್ತಿದರೆ ಇಟ್ಟಿಗೆ ನಿಲ್ಲುವುದಿಲ್ಲ. ಇದೇ ಗುಣ ತಳಪಾಯಕ್ಕೂ ಕೇಡು. ಎರೆ ನೆಲದಲ್ಲಿ ತೇವ ಏರಿಳಿಯುವ ಪದರವನ್ನು ದಾಟಿ ಗಟ್ಟಿ ನೆಲ ಮುಟ್ಟಬೇಕು, ಇಲ್ಲವೇ ಐಎಸ್ 2911ರ ಮೂರನೆಯ ಭಾಗ ವಿವರಿಸುವ, ಬುಡ ಅಗಲಿಸಿದ ಅಂಡರ್ ರೀಮ್ಡ್ ಪೈಲುಗಳನ್ನು ಹಾಕಬೇಕು. ಗೋಡೆಯಲ್ಲಿ ಎಷ್ಟು ಸಿಮೆಂಟ್ ಉಳಿಸಿದರೂ ತಳಪಾಯ ಜರಗಿದ ಮನೆ ಮತ್ತೆ ಮತ್ತೆ ಸಿಮೆಂಟನ್ನೇ ಕೇಳುತ್ತದೆ. ಆದ್ದರಿಂದ ಎರೆ ಸೀಮೆಯ ಸಂಘ ಸುಸ್ಥಿರತೆಯ ಮೊದಲ ಪಾಠವನ್ನು ಮಣ್ಣು ಪರೀಕ್ಷೆಯಿಂದಲೇ ಆರಂಭಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಮಾದರಿ ವಿವರಣೆ ಮತ್ತು ಎಸ್ಟಿಮೇಟು

ಒಳ್ಳೆಯ ವಿಚಾರಗಳು ಸಾಮಾನ್ಯವಾಗಿ ಕೈಬಿಟ್ಟುಹೋಗುವುದು ಎಸ್ಟಿಮೇಟಿನ ಹಂತದಲ್ಲಿ. ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಇಲ್ಲದ ಬಾಬನ್ನು ಸರ್ಕಾರಿ ಇಂಜಿನಿಯರ್ ಸುಲಭವಾಗಿ ಸೇರಿಸಲಾರರು. ಖಾಸಗಿ ಇಂಜಿನಿಯರಿಗೆ ಅದರ ದರ ಲೆಕ್ಕ ಹಾಕುವಷ್ಟು ಸಮಯವಿರುವುದಿಲ್ಲ. ಆದಕಾರಣ ಸಂಘ ಪ್ರತಿಯೊಂದು ಪದ್ಧತಿಗೂ ಒಂದು ಪುಟದ ಮಾದರಿ ವಿವರಣೆಯನ್ನು ಸಿದ್ಧಪಡಿಸಬೇಕು: ಸಾಮಗ್ರಿಯ ಗುಣ, ಮಾಡುವ ಕ್ರಮ, ಅಳತೆಯ ರೀತಿ, ಒಂದು ಚದರ ಮೀಟರಿಗೆ ಬೇಕಾಗುವ ಸಾಮಗ್ರಿ ಮತ್ತು ಕೂಲಿ. ಸದಸ್ಯರು ಅದನ್ನು ತಮ್ಮ ಎಸ್ಟಿಮೇಟಿಗೆ ನೇರವಾಗಿ ಅಂಟಿಸುವಂತಿರಬೇಕು. ಒಂದೆರಡು ಕಾಮಗಾರಿಗಳ ನಿಜವಾದ ಖರ್ಚು ಕೈಗೆ ಬಂದ ಮೇಲೆ, ಆ ದರ ವಿಶ್ಲೇಷಣೆಯನ್ನೇ ಇಲಾಖೆಯ ಮುಂದಿಟ್ಟು ದರಪಟ್ಟಿಗೆ ಸೇರಿಸಲು ಕೋರಬಹುದು. ಬಿಡಿ ವ್ಯಕ್ತಿಯ ಕೋರಿಕೆಗಿಂತ ಸಂಘದ ಲೆಟರ್‌ಹೆಡ್ಡಿನಲ್ಲಿ, ಪರೀಕ್ಷಾ ವರದಿಯೊಂದಿಗೆ ಹೋದ ಕೋರಿಕೆಗೆ ಬೆಲೆ ಹೆಚ್ಚು.

ವಿಜಯಪುರಕ್ಕೆ ಮೊದಲು ಬರೆಯಬೇಕಾದ ವಿವರಣೆ ಮಾಳಿಗೆಯದ್ದು. ಇಕೋ ನಿವಾಸ ಸಂಹಿತೆ ಮಾಳಿಗೆಯ ಮೂಲಕ ದಾಟುವ ಶಾಖಕ್ಕೆ ಹಾಕಿರುವ ಮಿತಿ ಪ್ರತಿ ಚದರ ಮೀಟರಿಗೆ, ಒಳಹೊರಗಿನ ತಾಪಮಾನದ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 1.2 ವ್ಯಾಟ್. ಮೇಲೆ ಏನೂ ಇಲ್ಲದ ಬರೀ ಆರ್‌ಸಿಸಿ ಸ್ಲ್ಯಾಬ್ ಇದರ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಒಳಗೆ ಬಿಡುತ್ತದೆ. ಹಿಂದಿನವರ ಮಾಳಿಗೆ ಮನೆಗಳಲ್ಲಿ ಜಂತಿಯ ಮೇಲೆ ಹಾಕುತ್ತಿದ್ದ ದಪ್ಪ ಮಣ್ಣಿನ ಪದರ ಮತ್ತು ಹೊಗೆ, ಬಿಸಿಗಾಳಿ ಹೊರಹೋಗಲು ಬಿಡುತ್ತಿದ್ದ ಬೆಳಕಿಂಡಿ ಇದೇ ಕೆಲಸವನ್ನು ಮಾಡುತ್ತಿದ್ದವು. ಇಂದಿನ ಸ್ಲ್ಯಾಬಿನ ಮೇಲೆ ಶಾಖ ತಡೆಯುವ ಪದರ, ಸುಣ್ಣದ ಗಾರೆಯಲ್ಲಿ ಇಟ್ಟಿಗೆ ಚೂರಿನ ಹಾಸು, ಅದರ ಮೇಲೆ ಬಿಳಿ ಚೀನಿ ಹಂಚಿನ ಚೂರು ಇವನ್ನು ಬೇರೆ ಬೇರೆ ಜೋಡಣೆಗಳಲ್ಲಿ ಲೆಕ್ಕ ಹಾಕಿ, ಯಾವುದು 1.2ರ ಒಳಗೆ ಬರುತ್ತದೆ, ಯಾವುದರ ಖರ್ಚು ಎಷ್ಟು ಎಂದು ಎದುರುಬದುರಾಗಿ ತೋರಿಸಿದರೆ ಮಾಲೀಕರು ತಾವೇ ಆರಿಸಿಕೊಳ್ಳುತ್ತಾರೆ. ಅಷ್ಟೂ ಹಣವಿಲ್ಲದವರಿಗೆ ಬಿಳಿ ಸುಣ್ಣ ಬಳಿಯುವುದೂ ಪ್ರಯೋಜನಕಾರಿ, ಪ್ರತಿ ಬೇಸಿಗೆಗೂ ಮುನ್ನ ಮತ್ತೆ ಬಳಿಯಬೇಕೆಂಬುದನ್ನು ಮಾತ್ರ ಬರೆದುಕೊಡಬೇಕು.

ಕಿಟಕಿಗಳಿಗೂ ಇಂಥದೇ ಸರಳ ಅಳತೆಯಿದೆ. ತೆರೆಯಬಹುದಾದ ಕಿಟಕಿ, ಹೊರಬಾಗಿಲು, ಗವಾಕ್ಷಿಗಳ ಒಟ್ಟು ವಿಸ್ತೀರ್ಣ ಕಾರ್ಪೆಟ್ ವಿಸ್ತೀರ್ಣದ (ಗೋಡೆಗಳನ್ನು ಬಿಟ್ಟ ಒಳನೆಲದ) ಇಂತಿಷ್ಟು ಪಾಲಿರಬೇಕೆಂದು ಸಂಹಿತೆ ಹೇಳುತ್ತದೆ: ಒಣ ಬಿಸಿಯ ವಲಯಕ್ಕೆ ಕನಿಷ್ಠ ಶೇ. 10, ಸಮಶೀತೋಷ್ಣ ಮತ್ತು ಮಿಶ್ರ ವಲಯಗಳಿಗೆ ಶೇ. 12.5, ತೇವದ ಬಿಸಿಯ ವಲಯಕ್ಕೆ ಶೇ. 16.66. ತನ್ನ ಊರು ಯಾವ ವಲಯಕ್ಕೆ ಸೇರುತ್ತದೆ ಎಂಬುದನ್ನು ಕಟ್ಟಡ ಸಂಹಿತೆಯ ನಕಾಶೆಯಲ್ಲಿ ನೋಡಿ ಸಂಘ ಒಮ್ಮೆ ನಿರ್ಧರಿಸಿಬಿಟ್ಟರೆ, ಪ್ರತಿ ನಕ್ಷೆಯ ಮೂಲೆಯಲ್ಲಿ ಈ ಒಂದು ಸಂಖ್ಯೆಯನ್ನು ಬರೆಯುವ ರೂಢಿ ತರಬಹುದು. ತೆರೆಯಲಾಗದ ಗಾಜಿನ ದೊಡ್ಡ ಕಿಟಕಿ ಈ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಆಗ ತಾನಾಗಿಯೇ ಎಲ್ಲರಿಗೂ ತಿಳಿಯುತ್ತದೆ.

ಗೌಂಡಿಗಳ ಜೊತೆ ಕೆಲಸ

ಸಂಘಗಳು ಹೆಚ್ಚು ಹಣವನ್ನು ಸಭಾಭವನದ ವಿಚಾರ ಸಂಕಿರಣಗಳಿಗೆ ಖರ್ಚು ಮಾಡುತ್ತವೆ, ಗೌಂಡಿಗಳಿಗೆ ಅತಿ ಕಡಿಮೆ. ಇದನ್ನು ತಿರುಗಿಸಬೇಕು. ಕಾಗದದ ಮೇಲಿನ ವಿವರಣೆ ಗೋಡೆಯಾಗುವುದು ಅವರ ಕೈಯಲ್ಲಿ, ಮತ್ತು ಕಲಿತ ಗೌಂಡಿ ಮುಂದಿನ ಹತ್ತಾರು ಮನೆಗಳಿಗೆ ಆ ವಿದ್ಯೆಯನ್ನು ಒಯ್ಯುತ್ತಾರೆ.

ತರಬೇತಿ ನಡೆಯಬೇಕಾದದ್ದು ನಿಜವಾದ ಕೆಲಸದ ಜಾಗದಲ್ಲಿ. ಸಂಘದ ಸದಸ್ಯರೊಬ್ಬರ ಸ್ವಂತ ಮನೆಯೋ ಕಚೇರಿಯೋ ಕಟ್ಟುವ ಸಮಯ ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದು, ಏಕೆಂದರೆ ಪ್ರಯೋಗದ ಭಾರವನ್ನು ಅರಿತವರೇ ಅದನ್ನು ಹೊರುತ್ತಾರೆ. ಕಲಿಯಲು ಬಂದ ಗೌಂಡಿಗಳಿಗೆ ಆ ದಿನದ ಪೂರ್ಣ ಕೂಲಿಯನ್ನು ಸಂಘವೇ ಕೊಡಬೇಕು. ದುಡಿಮೆ ಬಿಟ್ಟು ಬಂದು ಕೇಳಿಸಿಕೊಳ್ಳಿ ಎನ್ನುವುದು ನ್ಯಾಯವಲ್ಲ. ಜಿಲ್ಲೆಯ ನಿರ್ಮಿತಿ ಕೇಂದ್ರ ಕಡಿಮೆ ಖರ್ಚಿನ ತಂತ್ರಗಳನ್ನು ಹರಡಲೆಂದೇ ಇರುವ ಸಂಸ್ಥೆಯಾದ್ದರಿಂದ ಅದರ ಸಹಾಯ ಕೇಳಬೇಕು. ಕಲಿಸುವ ವಿಷಯ ಒಂದು ಸಲಕ್ಕೆ ಒಂದೇ ಇರಲಿ. ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟುವ ರ‍್ಯಾಟ್ ಟ್ರ್ಯಾಪ್ ಗೋಡೆಯಿಂದ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ, ಒಳಗಿನ ಗಾಳಿ ಶಾಖವನ್ನೂ ತಡೆಯುತ್ತದೆ. ಆದರೆ ಮೂಲೆ, ಕಿಟಕಿ ಅಂಚು, ವಿದ್ಯುತ್ ಕೊಳವೆಯ ದಾರಿ ಇವನ್ನು ಕೈಯಿಂದ ಮಾಡಿ ನೋಡದೆ ಬರುವುದಿಲ್ಲ.

ಎಲ್ಲಕ್ಕೂ ಮಿಗಿಲಾಗಿ ಕಲಿಸಬೇಕಾದದ್ದು ಕ್ಯೂರಿಂಗ್. ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿನಲ್ಲಿ ಶೇ. 15ರಿಂದ 35ರಷ್ಟು ಬೂದಿಯಿರುತ್ತದೆ. ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಬೆರೆತ ಪಿಎಸ್‌ಸಿಯಲ್ಲಿ ಶೇ. 25ರಿಂದ 70ರವರೆಗೂ ಸ್ಲ್ಯಾಗ್ ಇರಬಹುದು. ಸುಣ್ಣದ ಕಲ್ಲನ್ನು ಸುಟ್ಟು ಮಾಡುವ, ಇಂಗಾಲ ಹೊರಸೂಸುವ ಕ್ಲಿಂಕರ್ ಅಷ್ಟರಮಟ್ಟಿಗೆ ಕಡಿಮೆಯಾಗುವುದರಿಂದ ಇವು ಮೇಲಾದ ಸಿಮೆಂಟುಗಳು. ಆದರೆ ಇವು ಬಲ ಪಡೆಯುವುದು ನಿಧಾನವಾಗಿ. ಐಎಸ್ 456ರಂತೆ ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿಗೆ 10 ದಿನ, ಒಣ ಬಿಸಿಯ ಹವೆಯಲ್ಲಿ ಮಿಶ್ರ ಸಿಮೆಂಟಿಗೆ 14 ದಿನಗಳವರೆಗೆ ನೀರುಣಿಸಬೇಕು. ಬೇಸಿಗೆಯಲ್ಲಿ ನೀರಿನ ಟ್ಯಾಂಕರಿಗೆ ದುಡ್ಡು ಕೊಡಬೇಕಾದಾಗ ನಾಲ್ಕೈದು ದಿನಕ್ಕೇ ನೀರು ನಿಲ್ಲಿಸಿಬಿಡುತ್ತಾರೆ, ಆಮೇಲೆ ಸಿಮೆಂಟೇ ಸುಮಾರು ಎನ್ನುತ್ತಾರೆ. ಸ್ಲ್ಯಾಬಿನ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು, ಕಂಬಗಳಿಗೆ ಒದ್ದೆ ಗೋಣಿಚೀಲ ಸುತ್ತಿ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟುವುದು ಇವೆರಡನ್ನು ರೂಢಿಸಿದರೆ ನೀರೂ ಉಳಿಯುತ್ತದೆ, ದಿನಗಳೂ ತುಂಬುತ್ತವೆ. ಕಾಂಕ್ರೀಟ್ ಹಾಕಿದ ತಾರೀಕು ಮತ್ತು ನೀರು ನಿಲ್ಲಿಸಬಹುದಾದ ತಾರೀಕನ್ನು ಕಂಬದ ಮೇಲೆ ಸುಣ್ಣದಲ್ಲಿ ಬರೆಯುವ ಪದ್ಧತಿಯನ್ನು ಸಂಘದ ಸದಸ್ಯರೆಲ್ಲ ತಮ್ಮ ಕೆಲಸಗಳಲ್ಲಿ ತರಬೇಕು.

ಮಳೆ ನೀರು

ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾಗುವ ಸೀಮೆಯಲ್ಲಿ 100 ಚದರ ಮೀಟರ್ ಮಾಳಿಗೆಯಿಂದ, ಐದರಲ್ಲಿ ಒಂದು ಪಾಲು ನಷ್ಟವಾಯಿತೆಂದರೂ, 48,000 ಲೀಟರ್ ಸಿಗುತ್ತದೆ. ಈ ಲೆಕ್ಕವನ್ನು ಪ್ರತಿ ನಕ್ಷೆಗೂ ಮಾಡಿ, ಮೊದಲ ಮಳೆಯ ನೀರನ್ನು ಹೊರಬಿಡುವ ಕೊಳವೆ ಮತ್ತು ಸೋಸುವ ತೊಟ್ಟಿಯ ಜಾಗವನ್ನು ತಳಪಾಯದ ಹಂತದಲ್ಲೇ ಗುರುತಿಸಿಕೊಡಬೇಕು. ಆದಿಲ್‌ಶಾಹಿ ಕಾಲದ ತಾಜ್ ಬಾವಡಿ, ಚಾಂದ್ ಬಾವಡಿ, ಬೇಗಂ ತಲಾಬ್ ಮತ್ತು ತೊರವಿಯಿಂದ ನೀರು ತಂದ ನೆಲದಡಿಯ ಕಾಲುವೆಗಳು ಊರಲ್ಲೇ ಇರುವಾಗ, ಯುವ ಸದಸ್ಯರಿಗೆ ಅಧ್ಯಯನ ಪ್ರವಾಸ ಬೇರೆಲ್ಲೋ ಏರ್ಪಡಿಸುವ ಅಗತ್ಯ ಕಾಣುವುದಿಲ್ಲ.

ಕಟ್ಟಿ ಮುಗಿದ ಮೇಲೆ

ನಮ್ಮಲ್ಲಿ ಕಟ್ಟಡದ ಬಗೆಗಿನ ಆಸಕ್ತಿ ಗೃಹಪ್ರವೇಶದ ದಿನ ಮುಗಿದುಹೋಗುತ್ತದೆ. ಸಂಘ ಅಲ್ಲಿಂದಲೇ ಆರಂಭಿಸಬೇಕು. ಹೊಸ ಪದ್ಧತಿಯಲ್ಲಿ ಕಟ್ಟಿದ ಪ್ರತಿ ಮನೆಗೂ, ಮಾಲೀಕರ ಒಪ್ಪಿಗೆ ಪಡೆದು, ಒಂದು ದಾಖಲೆ ತೆರೆಯಿರಿ. ಒಂದು ವರ್ಷದ ಹೆಸ್ಕಾಂ ಬಿಲ್ಲುಗಳ ಯೂನಿಟ್ ಸಂಖ್ಯೆ, ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ ಮತ್ತು ರಾತ್ರಿ ಮೇಲಿನ ಕೋಣೆಯ ತಾಪಮಾನ, ಮಳೆಗಾಲದ ನಂತರ ಗೋಡೆಯ ತೇವ ಮತ್ತು ಬಿರುಕುಗಳ ಚಿತ್ರ, ಮಾಲೀಕರ ಮಾತು ಇಷ್ಟು ಅದರಲ್ಲಿರಲಿ. ಅದೇ ಬೀದಿಯ ಸಾಮಾನ್ಯ ಮನೆಯೊಂದರ ಅಳತೆಯನ್ನೂ ಪಕ್ಕದಲ್ಲಿ ಇಟ್ಟರೆ ಹೋಲಿಕೆ ಅರ್ಥಪೂರ್ಣವಾಗುತ್ತದೆ. ಮಾಳಿಗೆಯ ಮೇಲೆ ಸೌರ ಫಲಕ ಹಾಕಿಸಿದವರಿದ್ದರೆ ಅದರ ಉತ್ಪಾದನೆಯನ್ನು ಬೇರೆಯಾಗಿ ಬರೆಯಬೇಕು. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟ ಮನೆಯ ಘಟಕಕ್ಕೆ 78,000 ರೂಪಾಯಿ ಸಹಾಯಧನವಿರುವುದರಿಂದ ಅದು ಹೆಚ್ಚುತ್ತಿದೆ, ಆದರೆ ಬಿಲ್ಲು ಇಳಿದದ್ದು ಫಲಕದಿಂದಲೋ ತಂಪಾದ ಮಾಳಿಗೆಯಿಂದಲೋ ಎಂಬುದು ಕಲಸಿಹೋಗಬಾರದು. ಸೋತ ಕೆಲಸಗಳನ್ನೂ ಕಾರಣದೊಂದಿಗೆ ಬರೆಯಿರಿ. ಸೋಲನ್ನು ಮುಚ್ಚಿಟ್ಟ ದಾಖಲೆಯನ್ನು ಒಮ್ಮೆ ಪತ್ತೆ ಹಚ್ಚಿದವರು ಮತ್ತೆ ಅದನ್ನು ತೆರೆಯುವುದಿಲ್ಲ.

ಇದಕ್ಕೆ ಹೊಂದಿಕೊಂಡ ಇನ್ನೊಂದು ವಿಷಯ ಹಣದ್ದು. ಸಾಮಗ್ರಿ ಮಾರುವ ಕಂಪನಿಗಳು ಸಂಘದ ಸಭೆಗಳಿಗೆ ಊಟ, ಬ್ಯಾನರು, ಉಡುಗೊರೆಗಳನ್ನು ಒದಗಿಸಲು ಸದಾ ಸಿದ್ಧವಿರುತ್ತವೆ. ಅವರ ತಾಂತ್ರಿಕ ಮಾಹಿತಿ ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಪರೀಕ್ಷೆ, ಮಾದರಿ ವಿವರಣೆ ಮತ್ತು ಗೌಂಡಿ ತರಬೇತಿ ಈ ಮೂರರ ಖರ್ಚು ಸದಸ್ಯರ ವಂತಿಗೆಯಿಂದಲೇ ಬರಬೇಕು. ವಿವರಣೆಗಳಲ್ಲಿ ಯಾವ ಬ್ರ್ಯಾಂಡಿನ ಹೆಸರೂ ಇರಬಾರದು, ಗುಣ ಮತ್ತು ಮಾನದಂಡದ ಸಂಖ್ಯೆ ಮಾತ್ರ ಇರಬೇಕು.

ಮೊದಲ ವರ್ಷಕ್ಕೆ ಇಷ್ಟನ್ನು ಹಮ್ಮಿಕೊಂಡರೆ ಸಾಕು: ಮಳೆಗಾಲದಲ್ಲಿ ಹೊರಗಿನ ಕೆಲಸ ನಿಧಾನವಾಗಿರುವಾಗ ಸಾಮಗ್ರಿ ಪರೀಕ್ಷೆ ಮತ್ತು ಮಾಳಿಗೆಯ ವಿವರಣೆ, ದೀಪಾವಳಿ ಮುಗಿದು ಕಾಮಗಾರಿಗಳು ಚುರುಕಾದಾಗ ಗೌಂಡಿಗಳ ತರಬೇತಿ, ಯುಗಾದಿಯೊಳಗೆ ಒಂದು ಮಾದರಿ ಮಾಳಿಗೆ ಪೂರ್ಣ. ಏಪ್ರಿಲ್ ತಿಂಗಳ ಯಾವುದಾದರೂ ಮಧ್ಯಾಹ್ನ ಆ ಮಾಳಿಗೆಯ ಕೆಳಗೆ ಮನೆ ಕಟ್ಟಿಸಲಿರುವವರನ್ನು ಕರೆದು ಕೂರಿಸಿ, ತಾಪಮಾಪಕ ಮತ್ತು ಖರ್ಚಿನ ಪಟ್ಟಿ ಎರಡನ್ನೂ ಅವರ ಕೈಗೆ ಕೊಡಿ. ದಾಖಲೆ ಪುಸ್ತಕ ಕನ್ನಡದಲ್ಲಿರಲಿ, ಸಂಘದ ಕಚೇರಿಯಲ್ಲಿ ಸದಸ್ಯರಲ್ಲದವರಿಗೂ ಓದಲು ಸಿಗಲಿ, ಮತ್ತು ಅದರಲ್ಲಿ ಬರೆದ ಮನೆಗಳನ್ನು ನೋಡಬಯಸುವವರಿಗೆ ಮಾಲೀಕರನ್ನು ಕೇಳಿ ಸಮಯ ಗೊತ್ತುಮಾಡಿಕೊಡುವ ಹೊಣೆಯನ್ನು ಸಂಘದ ಕಾರ್ಯದರ್ಶಿ ವಹಿಸಿಕೊಳ್ಳಲಿ.